ಬಜೆಟ್ ಮದುವೆಯ ವಾಲಗ

ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರ ಪತ್ರ: “ಕೇಂದ್ರದ ಬಜೆಟ್ ಫೆಬ್ರುವರಿ 1ಕ್ಕೇ ಆಗಿಹೋಯಿತು. ಮಾರ್ಚ್‌ನಲ್ಲಿ ಸಂಸದರು ಅದರ ಮೇಲೆ ಮಾತಾಡುವುದು ಮದುವೆ ಮುಗಿದ ಮೇಲೆ ವಾಲಗ ಊದಿದ ಹಾಗಲ್ವಾ? ಮಾತಾಡಿ ಕಾಫಿ ಮಂಡಳಿಗೆ ನಾಲ್ಕು ಕಾಸು ಜಾಸ್ತಿ ಮಾಡಿಸೋಕಾದರೂ ಆಗುತ್ತಾ?”

ಸಂಪಾದಕರ ಉತ್ತರ:

ವಾಲಗದವರು ಹೊತ್ತಿಗೆ ಸರಿಯಾಗಿಯೇ ಬಂದಿದ್ದಾರೆ. ಫೆಬ್ರುವರಿ 1ರಂದು ಆದದ್ದು ಹೆಣ್ಣು ಕೇಳುವ ಶಾಸ್ತ್ರ ಅಷ್ಟೇ. ಟಿ.ವಿ.ಯವರು ಅಂದೇ ‘ಕೊಟ್ಟರು, ಕೊಟ್ಟರು’ ಎಂದು ಕೂಗುತ್ತಾರೆ. ಹಣಕಾಸು ಸಚಿವರು ಅಂದು ಮಾಡುವುದು ಕೇಳುವ ಕೆಲಸ.

ನಿಮ್ಮ ತೋಟದ ರೈಟರನ್ನೇ ನೆನೆಸಿಕೊಳ್ಳಿ. ಮರಗಸಿಗೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಸ್ಪ್ರಿಂಕ್ಲರ್ ಡೀಸೆಲ್‌ಗೆ ಇಷ್ಟು ಎಂದು ಪಟ್ಟಿ ತರುತ್ತಾನೆ. ನೀವು ಹೂಂ ಅನ್ನುವ ತನಕ ಬೀರುವಿನ ಬೀಗ ತೆಗೆಯುವ ಹಾಗಿಲ್ಲ. ಇಲ್ಲಿ ಸರ್ಕಾರ ರೈಟರ್, ಲೋಕಸಭೆ ಧಣಿ. ಬೀರುವಿಗೆ ಸಂಚಿತ ನಿಧಿ ಎಂದು ಹೆಸರು. ಒಂದೊಂದು ಖಾತೆಯ ಖರ್ಚೂ ‘ಅನುದಾನದ ಬೇಡಿಕೆ’ಯಾಗಿ ಲೋಕಸಭೆಯ ಮುಂದೆ ಬರುತ್ತದೆ. ಹೆಸರಿನಲ್ಲೇ ಬೇಡಿಕೆ ಇದೆ, ನೋಡಿ. ಕಾಫಿ ಮಂಡಳಿಯ ಹಣ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದೂ ಸೇರಿ, ವಾಣಿಜ್ಯ ಖಾತೆಯ ಲೆಕ್ಕದಲ್ಲಿ ಬರುತ್ತದೆ. ಕೃಷಿ ಖಾತೆಯಲ್ಲಿ ಹುಡುಕಬೇಡಿ. ಬೇಡಿಕೆಗಳನ್ನು ಮತ ಹಾಕಿ ಒಪ್ಪಿದ ಮೇಲೆ ಧನವಿನಿಯೋಗ ಮಸೂದೆ. ಅದು ಪಾಸಾದರಷ್ಟೇ ಬೀಗ ತೆಗೆಯುವುದು. ತೆರಿಗೆಗೆ ಹಣಕಾಸು ಮಸೂದೆ ಬೇರೆ ಇದೆ. ರಾಜ್ಯಸಭೆ ಇವನ್ನು 14 ದಿನ ಇಟ್ಟುಕೊಂಡು ಸಲಹೆ ಕೊಡಬಹುದು, ತಡೆಯುವಂತಿಲ್ಲ.

ಕೇಳುವುದಕ್ಕೂ ಒಪ್ಪುವುದಕ್ಕೂ ನಡುವೆ ಏನೆಲ್ಲ ಆಗಬಹುದು ಎಂದು ಹಾಸನದವರಿಗೆ ಬೇರೆ ಹೇಳಬೇಕೇ? 1997ರ ಫೆಬ್ರುವರಿ 28ರಂದು ದೇವೇಗೌಡರ ಸರ್ಕಾರದ ಬಜೆಟ್ ಅನ್ನು ಚಿದಂಬರಂ ಮಂಡಿಸಿದರು. ಏಪ್ರಿಲ್ 11ಕ್ಕೆ ಸರ್ಕಾರವೇ ಬಿತ್ತು. ಆ ಬಜೆಟ್‌ಗೆ ಪೂರ್ತಿ ಒಪ್ಪಿಗೆ ಸಿಕ್ಕಿದ್ದು ಗುಜ್ರಾಲ್ ಪ್ರಧಾನಿಯಾದ ಮೇಲೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಜಾಸ್ತಿ ಮಾಡಿಸೋಕೆ ಆಗಲ್ಲ. ಇಲ್ಲಿ ನನ್ನ ಧಣಿಯ ಹೋಲಿಕೆ ಕೈಕೊಡುತ್ತದೆ. ಲೋಕಸಭೆ ಒಪ್ಪಬಹುದು, ಕಡಿಮೆ ಮಾಡಬಹುದು, ಬೇಡ ಅನ್ನಬಹುದು. ಒಂದು ರೂಪಾಯಿ ಏರಿಸುವ ಹಾಗಿಲ್ಲ. ತಮಾಷೆ ಏನೆಂದರೆ, ಕಾಫಿಗೆ ಹಣ ಸಾಲದು ಎಂದು ದೂರುವ ಸಂಸದರು ಆ ದೂರನ್ನು ಸದನದ ಮುಂದಿಡಲು ‘ಈ ಬೇಡಿಕೆಯಲ್ಲಿ 100 ರೂಪಾಯಿ ಕಡಿಮೆ ಮಾಡಿ’ ಎಂದು ಸೂಚನೆ ಕೊಡಬೇಕು! ಖಾತೆಯ ನೀತಿಯೇ ಸರಿಯಿಲ್ಲ ಎನ್ನುವವರು ಇಡೀ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಅನ್ನುತ್ತಾರೆ. ಇಂಥದ್ದು ಗೆದ್ದರೆ ಸರ್ಕಾರ ಉಳಿಯುವುದು ಕಷ್ಟ. ಹಾಗಾಗಿ ಆಳುವ ಪಕ್ಷದವರು ಗೆಲ್ಲಲು ಬಿಡುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಸದನದಲ್ಲಿ ನಾಲ್ಕಾರು ಖಾತೆಗಳು ಚರ್ಚೆಗೆ ಬಂದರೆ ಹೆಚ್ಚು. ಉಳಿದದ್ದನ್ನೆಲ್ಲ ಕೊನೇ ದಿನ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೊಟಿನ್ ಅನ್ನುತ್ತಾರೆ, ತಲೆ ಕಡಿಯುವ ಯಂತ್ರದ ಹೆಸರೇ. 2018ರಲ್ಲಿ, ಮತ್ತೆ 2023ರಲ್ಲಿ, ಗದ್ದಲದ ನಡುವೆ ಒಂದು ಬೇಡಿಕೆಯೂ ಚರ್ಚೆಯಾಗದೆ ಎಲ್ಲವೂ ಪಾಸಾದವು. ಸಂಸದೀಯ ಸಮಿತಿಗಳು ಮೊದಲೇ ಪಟ್ಟಿ ಸೋಸಿರುತ್ತವೆ, ನಿಜ. ಆದರೆ ಅವು ಕೊಡುವುದು ಸಲಹೆ ಮಾತ್ರ. ಪಟ್ಟಿ ಓದದೆ ಬೀಗದ ಕೈ ಎಸೆಯುವ ಧಣಿ ನಿಮ್ಮೂರಲ್ಲಿ ಯಾರಾದರೂ ಇದ್ದಾರಾ?

ನಿಮಗೆ ನಿಜಕ್ಕೂ ಹಣ ಬೇಕಿದ್ದರೆ ಮಾರ್ಚ್ ತನಕ ಸುಮ್ನೆ ಕೂರಬೇಡಿ. ದಿಲ್ಲಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೇ ಹಣಕಾಸು ಇಲಾಖೆ ಎಲ್ಲ ಖಾತೆಗಳಿಂದ ಅಂದಾಜು ಕೇಳುತ್ತದೆ. ಆಮೇಲೆ ಕೂತು ಚೌಕಾಸಿ ಮಾಡುತ್ತದೆ. ನಿಮ್ಮ ಅರ್ಜಿ ಜನವರಿ ಕೊನೆಗೆ ಹೊರಟರೆ, ಅಷ್ಟರಲ್ಲಿ ಅಲ್ಲಿ ಬಜೆಟ್ ಹಲ್ವಾ, ಅಂದರೆ ತಯಾರಿ ಕೊನೇ ಹಂತಕ್ಕೆ ಬಂದಾಗ ಹಂಚುವ ಸಿಹಿ, ಹಂಚಿ ಆಗಿರುತ್ತದೆ. ಅರೇಬಿಕಾ ಕೊಯ್ಲಿಗೆ ಆಳು ಹುಡುಕುವ ಮುಂಚೆ, ಸೆಪ್ಟೆಂಬರ್‌ನಲ್ಲೇ, ಕಾಫಿ ಮಂಡಳಿಗೂ ವಾಣಿಜ್ಯ ಖಾತೆಗೂ ಬರೆಯಿರಿ. ಒಂದು ಪ್ರತಿ ಸಂಸದರಿಗೂ ಹೋಗಲಿ.