ಸಂಪಾದಕರ ಉತ್ತರ: ಗೋವಿನಜೋಳ ಇಲ್ಲಿಂದ, ತತ್ತಿ ಅಲ್ಲಿಂದ

ಮುಧೋಳ ತಾಲೂಕಿನ ಓದುಗರೊಬ್ಬರು, ತಮ್ಮ ಹೆಸರನ್ನು ಅಚ್ಚು ಹಾಕಬಾರದೆಂದು ಕೋರಿ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ. ಬೆಂಬಲ ಬೆಲೆ 2,400 ರೂಪಾಯಿ ಇರುವಾಗ ಅವರು ತಮ್ಮ ಗೋವಿನಜೋಳವನ್ನು ಕ್ವಿಂಟಲಿಗೆ 1,800ರಂತೆ ಮಾರಿದರು. ಅದೇ ವಾರ ಊರ ಅಂಗಡಿಯಲ್ಲಿ ಒಂದು ತತ್ತಿಗೆ 7 ರೂಪಾಯಿ, ಒಂದು ಕಿಲೋ ಕೋಳಿ ಮಾಂಸಕ್ಕೆ 220 ರೂಪಾಯಿ ಕೊಟ್ಟರು. ಆದರೆ ಪಕ್ಕದ ಊರಿನ ಫಾರಂನಿಂದ ಅದೇ ಕೋಳಿ ಲಾರಿ ಏರಿದ್ದು ಕಿಲೋಗೆ 95ರ ದರದಲ್ಲಿ. ‘ನಡುವಿನ ಹಣ ತಿಂದವರು ಯಾರು? ಕಾಳು ಬೆಳೆಯುವ ನಮ್ಮ ಜಿಲ್ಲೆ ತತ್ತಿಯನ್ನು ಹೊರಗಿನಿಂದ ಏಕೆ ತರಿಸಿಕೊಳ್ಳಬೇಕು? ಕಂಪನಿಯವರು 6,000 ಕೋಳಿಯ ಶೆಡ್ ಹಾಕಿಸಿ ಎನ್ನುತ್ತಿದ್ದಾರೆ, ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ, ಹಾಕಿಸಲೋ ಬೇಡವೋ?’ ಎಂಬುದು ಅವರ ಪ್ರಶ್ನೆ. ಕೊನೆಯ ಪುಟದಲ್ಲಿ ಅವರ ತಾಯಿ ಹಿತ್ತಲಲ್ಲಿ ಸಾಕುತ್ತಿರುವ ಹನ್ನೆರಡು ಜವಾರಿ ಕೋಳಿಗಳ ಪ್ರಸ್ತಾಪವೂ ಇದೆ.

ಮೊದಲು ತತ್ತಿಯ ಲೆಕ್ಕ. ಮೊಟ್ಟೆ ಇಡುವ ಫಾರಂ ಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಎಲ್ಲ ಕೋಳಿಗಳೂ ಎಲ್ಲ ದಿನವೂ ಇಡುವುದಿಲ್ಲವಾದ್ದರಿಂದ ಒಂದು ತತ್ತಿಗೆ 125ರಿಂದ 130 ಗ್ರಾಂ ಆಹಾರ ಖರ್ಚಾಗುತ್ತದೆ ಎನ್ನಬಹುದು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ 70 ಗ್ರಾಂನಷ್ಟು ಗೋವಿನಜೋಳ. ಹೀಗೆ ನೋಡಿದರೆ ನೀವು ಮಾರಿದ ಒಂದೊಂದು ಕ್ವಿಂಟಲ್ ಸುಮಾರು 1,400 ತತ್ತಿಗಳ ಒಳಗೆ ಕುಳಿತಿದೆ, ಮತ್ತು ನಿಮ್ಮ 7 ರೂಪಾಯಿಯ ತತ್ತಿಯಲ್ಲಿ ನಿಮ್ಮ ಪಾಲು 1 ರೂಪಾಯಿ 26 ಪೈಸೆ. ಬೆಂಬಲ ಬೆಲೆಯೇ ಸಿಕ್ಕಿದ್ದರೂ ಅದು 1 ರೂಪಾಯಿ 68 ಪೈಸೆ ಆಗುತ್ತಿತ್ತು, ಅಷ್ಟೆ. ಉಳಿದದ್ದು ಸೋಯಾ ಹಿಂಡಿ, ಖನಿಜ ಮಿಶ್ರಣ, ಮರಿಯನ್ನು ಹದಿನೆಂಟು ಇಪ್ಪತ್ತು ವಾರ ಒಂದೂ ತತ್ತಿಯಿಲ್ಲದೆ ಸಾಕಿದ ವೆಚ್ಚ, ಔಷಧ, ಕೂಲಿ, ಬಡ್ಡಿ, ಲಾರಿ ಬಾಡಿಗೆ ಮತ್ತು ಅಂಗಡಿಯವನ ಲಾಭ. ಆದ್ದರಿಂದ ನಡುವಿನ ಹಣವನ್ನೆಲ್ಲ ಯಾರೋ ಒಬ್ಬರು ನುಂಗಿದರು ಎಂದು ಹೇಳಲು ಲೆಕ್ಕ ಬಿಡುವುದಿಲ್ಲ. ಕಾಳಿನಿಂದ ತತ್ತಿಯವರೆಗಿನ ಏಳೆಂಟು ಮೆಟ್ಟಿಲುಗಳಲ್ಲಿ ನಮ್ಮ ಭಾಗದವರು ಮೊದಲನೆಯದರಲ್ಲಿ ಮಾರುವವರಾಗಿ, ಕೊನೆಯದರಲ್ಲಿ ಕೊಳ್ಳುವವರಾಗಿ ಮಾತ್ರ ನಿಂತಿದ್ದೇವೆ. ನಿಮ್ಮ ಸಿಟ್ಟಿಗೆ ಇದು ಸರಿಯಾದ ಗುರಿ ಎಂದು ನಮಗೆ ತೋರುತ್ತದೆ.

ತತ್ತಿಯ ದರ ದಿನದಿನವೂ ಬದಲಾಗುವುದನ್ನು ನೀವು ಗಮನಿಸಿರಬಹುದು. 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ವಲಯವಾರು ಸೂಚಕ ದರವನ್ನು ಪ್ರಕಟಿಸುತ್ತದೆ. ಅದಕ್ಕೂ ಮೊದಲು ಸಾಕಣೆದಾರರು ದೊಡ್ಡ ನಗರಗಳ ಸಗಟು ವ್ಯಾಪಾರಿಗಳು ಹೇಳಿದ ಬೆಲೆಗೆ ಮಾರುತ್ತಿದ್ದರು. ಸಮಿತಿ ಬಂದ ಮೇಲೆ ಅವರಿಗೆ ಒಂದು ಧ್ವನಿ ಸಿಕ್ಕಿತು. ತಮಿಳುನಾಡಿನ ನಮಕ್ಕಲ್, ಹೈದರಾಬಾದ್ ಹಾಗೂ ನಮಗೆ ಸಮೀಪದ ಹೊಸಪೇಟೆಯ ಹೆಸರುಗಳು ಆ ಪಟ್ಟಿಯಲ್ಲಿ ದಿನವೂ ಬರುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಅಂಗಡಿಗಳ ದರ ಆ ವಲಯಗಳ ದರಕ್ಕೆ ಲಾರಿ ಬಾಡಿಗೆ ಕೂಡಿಸಿದ್ದೇ ಹೊರತು ಇಲ್ಲಿ ಹುಟ್ಟಿದ್ದಲ್ಲ.

ಏಕೆ ಹುಟ್ಟಲಿಲ್ಲ? 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿಗಳ ಸಂಖ್ಯೆ 85.18 ಕೋಟಿ. ತಮಿಳುನಾಡಿನಲ್ಲಿ ಸುಮಾರು 12 ಕೋಟಿ, ಆಂಧ್ರದಲ್ಲಿ ಸುಮಾರು 10.8 ಕೋಟಿ ಇದ್ದರೆ ಕರ್ನಾಟಕದಲ್ಲಿ ಇದ್ದದ್ದು ಸುಮಾರು 5.95 ಕೋಟಿ. 2023-24ರಲ್ಲಿ ದೇಶ ಉತ್ಪಾದಿಸಿದ 14,277 ಕೋಟಿ ಮೊಟ್ಟೆಗಳಲ್ಲಿ ನಮ್ಮ ರಾಜ್ಯದ ಪಾಲು ಶೇ. 6.6ರಷ್ಟು. ಆ ಪಾಲಿನಲ್ಲೂ ಹೊಸಪೇಟೆ, ದಾವಣಗೆರೆಯ ಕಡೆಯ ದೊಡ್ಡ ಫಾರಂಗಳದ್ದೇ ಮೇಲುಗೈ. ನಮ್ಮ ಮೂರು ಜಿಲ್ಲೆಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನೀರು ಬಂದ ಕಡೆಯೆಲ್ಲ ಹಣ ಕಬ್ಬಿಗೂ ಸಕ್ಕರೆ ಕಾರ್ಖಾನೆಗೂ ಹರಿಯಿತು. ನೀರು ಬರದ ಕಡೆ ಕೈಯಲ್ಲಿ ಹಣವೇ ಉಳಿಯಲಿಲ್ಲ. ಐದು ತಿಂಗಳು ಬರೀ ಮೇಯಿಸಿ ಆಮೇಲೆ ಆದಾಯ ಕಾಣುವ ಉದ್ಯಮಕ್ಕೆ ತಾಳ್ಮೆಯ ಬಂಡವಾಳ ಬೇಕು. ಕಬ್ಬಿನಲ್ಲಿ ಬಿಲ್ಲು ತಡವಾದರೂ ಬಂದೇ ಬರುತ್ತದೆ ಎಂಬ ನಂಬಿಕೆಯಿತ್ತು. ಇಲ್ಲದಿದ್ದರೆ ಕಚ್ಚಾ ಸಾಮಗ್ರಿಯ ಕೊರತೆ ನಮಗೆಲ್ಲಿದೆ? ಗೋವಿನಜೋಳ ನಿಮ್ಮ ಹೊಲದಲ್ಲಿದೆ, ಸೋಯಾ ಬೈಲಹೊಂಗಲದ ಪೇಟೆಗೆ ರಾಶಿರಾಶಿಯಾಗಿ ಬರುತ್ತದೆ. ಐದಾರು ಗ್ರಾಂ ತೂಗುವ ತತ್ತಿಯ ಚಿಪ್ಪು ಬಹುಪಾಲು ಸುಣ್ಣವೇ. ಆ ಸುಣ್ಣದ ಕಲ್ಲೂ ಲೋಕಾಪುರ, ಮುಧೋಳದ ನೆಲದಡಿ ಮಲಗಿದೆ.

ಇನ್ನು ಗೋವಿನಜೋಳದ ಬೆಲೆ. ಒಂದು ಕಾಲಕ್ಕೆ ಅದನ್ನು ಕೊಳ್ಳುವವರಲ್ಲಿ ಕೋಳಿ ಆಹಾರದ ಗಿರಣಿಗಳಿಗೆ ಸರಿಸಾಟಿಯೇ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತೆಗೆಯುವುದಕ್ಕೆ ಕಡಿವಾಣ ಹಾಕಿತು. ಮುಂದಿನ ತಿಂಗಳೇ ತೈಲ ಕಂಪನಿಗಳು ಗೋವಿನಜೋಳದ ಎಥೆನಾಲ್‌ಗೆ ಪ್ರೋತ್ಸಾಹಧನ ಸೇರಿಸಿ ಲೀಟರಿಗೆ 71.86 ರೂಪಾಯಿ ಕೊಡಲು ಮುಂದಾದವು. ಒಂದು ಟನ್ ಕಾಳಿಗೆ ಸುಮಾರು 380 ಲೀಟರ್ ಇಳಿಯುತ್ತದೆ. ಗೋವಿನಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಅದನ್ನು ಆಮದು ಮಾಡಿಕೊಂಡಿತು, ಕೋಳಿ ಸಾಕಣೆದಾರರು ಆಹಾರದ ಬೆಲೆ ಕಂಡು ತಲೆಯ ಮೇಲೆ ಕೈ ಹೊತ್ತರು, ರೈತರು ಬಿತ್ತನೆ ಹೆಚ್ಚಿಸಿದರು. 2025ರಲ್ಲಿ ಬೆಳೆ ಭರ್ಜರಿಯಾಗಿ ಬಂತು. ಅಷ್ಟರಲ್ಲಿ ಆಹಾರ ನಿಗಮದ ಅಕ್ಕಿಯನ್ನು ಕ್ವಿಂಟಲಿಗೆ 2,250ರ ದರದಲ್ಲಿ ಡಿಸ್ಟಿಲರಿಗಳಿಗೆ ಬಿಡುಗಡೆ ಮಾಡಲಾಗಿತ್ತು. ಗೋವಿನಜೋಳಕ್ಕಿದ್ದ ಹಸಿವು ತಗ್ಗಿತು. ನಿಮ್ಮ 1,800ರ ಹಿಂದಿರುವ ಕಥೆ ಇದು. ತೇವಾಂಶದ ಕಡಿತವನ್ನೂ ಮರೆಯಬೇಡಿ: ಬೆಂಬಲ ಬೆಲೆಯ ಖರೀದಿಗೆ ಶೇ. 14ರ ಮಿತಿಯಿದೆ, ನಮ್ಮಲ್ಲಿ ರಾಶಿಯಾದ ಮಾರನೆಯ ದಿನವೇ ಹಸಿ ಕಾಳನ್ನು ಟ್ರ್ಯಾಕ್ಟರಿಗೆ ಹೇರುವವರು ಹೆಚ್ಚು. ಹಸಿ ಕಾಳಿನ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಕೋಳಿಯ ಯಕೃತ್ತನ್ನೇ ಕೆಡಿಸುವುದರಿಂದ ಆಹಾರದ ಗಿರಣಿಯವರು ಅಂಥ ಮಾಲಿಗೆ ಬೆಲೆ ಮುರಿಯುವುದನ್ನು ಬರೀ ಮೋಸವೆನ್ನಲಾಗದು.

ರೈತನ ಹಿತ ಮತ್ತು ಕೋಳಿ ಸಾಕುವವನ ಹಿತ ಒಂದೇ ಎಂದು ವೇದಿಕೆಗಳ ಮೇಲೆ ಹೇಳುವುದುಂಟು. 2021ನ್ನು ನೆನಪಿಸಿಕೊಳ್ಳಿ. ಸೋಯಾ ಕ್ವಿಂಟಲಿಗೆ ಹತ್ತು ಸಾವಿರದ ಆಸುಪಾಸು ಹೋದಾಗ ಕೋಳಿ ಉದ್ಯಮದ ಬೇಡಿಕೆಯಂತೆ ಕೇಂದ್ರ ಆಗಸ್ಟಿನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ಕೊಟ್ಟಿತು. ಹೊಸ ಬೆಳೆ ಪೇಟೆಗೆ ಬರುವ ಹೊತ್ತಿಗೆ ದರ ಇಳಿದಿತ್ತು. ನೀವು ಶೆಡ್ ಹಾಕಿಸಿದರೆ ಒಂದೇ ಮನೆಯಲ್ಲಿ ಎರಡೂ ಪಕ್ಷದವರಾಗುತ್ತೀರಿ. ಅದು ಕೆಟ್ಟದ್ದಲ್ಲ, ಒಂದರ ನಷ್ಟವನ್ನು ಇನ್ನೊಂದು ತುಂಬಬಹುದು. ಆದರೆ ಕೋಳಿಯ ಆಹಾರ ನಿಮ್ಮ ಕೈಯಲ್ಲಿದ್ದಾಗ ಮಾತ್ರ.

ಕೋಳಿ ಮಾಂಸದ 95 ಮತ್ತು 220ರ ಅಂತರಕ್ಕೆ ಬರೋಣ. ಜೀವಂತ ಕೋಳಿಯ ಒಂದು ಕಿಲೋದಿಂದ ಚರ್ಮ ಸುಲಿದ ಮಾಂಸ 650ರಿಂದ 700 ಗ್ರಾಂ ಸಿಗುತ್ತದೆ. ಹಾಗಾಗಿ 95ರ ಕೋಳಿ ಕತ್ತಿಯ ಕೆಳಗೆ ಬಂದಾಗಲೇ ಮಾಂಸದ ಕಿಲೋ 140ರ ಆಸುಪಾಸಿಗೆ ಬರುತ್ತದೆ. ದಾರಿಯಲ್ಲಿ ತೂಕ ಇಳಿಯುವುದು, ಸಾಯುವುದು, ಅಂಗಡಿ ಬಾಡಿಗೆ, ಕೂಲಿ ಎಲ್ಲ ಸೇರಿಸಿದರೂ ಉಳಿಯುವ ಅಂತರ ದೊಡ್ಡದೇ. ಸಗಟು ದರ ಬಿದ್ದ ದಿನ ಚಿಲ್ಲರೆ ದರ ಅಷ್ಟೇ ಬೇಗ ಬೀಳುವುದಿಲ್ಲ ಎಂಬ ನಿಮ್ಮ ದೂರು ನ್ಯಾಯವಾದದ್ದು. ಆದರೆ ಆ 95 ರೂಪಾಯಿಯೂ ಪಕ್ಕದ ಊರಿನ ಸಾಕಣೆದಾರನದಲ್ಲ. ಒಪ್ಪಂದದ ಸಾಕಣೆಯಲ್ಲಿ ಮರಿ, ಆಹಾರ, ಔಷಧ ಕಂಪನಿಯವು. ಶೆಡ್, ನೀರು, ಕರೆಂಟು, ಹಾಸಿನ ಹೊಟ್ಟು, ರಾತ್ರಿಯ ನಿದ್ದೆ ರೈತನವು. ನಲವತ್ತು ದಿನಗಳ ಆಚೀಚೆ ಎರಡು ಕಿಲೋ ಮೀರಿದ ಕೋಳಿಯನ್ನು ಕಂಪನಿ ಒಯ್ಯುತ್ತದೆ, ಕಿಲೋಗೆ ಇಷ್ಟೆಂದು ಸಾಕಣೆ ಶುಲ್ಕ ಕೊಡುತ್ತದೆ. ಮೂಲ ಶುಲ್ಕ ಬಹುತೇಕ ಒಂದಂಕಿಯ ರೂಪಾಯಿಗಳಲ್ಲೇ ಇರುತ್ತದೆ. ಮಾರುಕಟ್ಟೆ ಬಿದ್ದಾಗ ನಷ್ಟ ಕಂಪನಿಗೆ, ಎದ್ದಾಗ ಲಾಭವೂ ಬಹುಪಾಲು ಕಂಪನಿಗೆ. ಇದನ್ನು ಕೆಲವರು ಶೋಷಣೆ ಎನ್ನುತ್ತಾರೆ, ಕೆಲವರು ವರದಾನ ಎನ್ನುತ್ತಾರೆ. ನಾವು ಇದನ್ನು ಕೂಲಿ ಎನ್ನುತ್ತೇವೆ: ಕೆಲಸಗಾರನೇ ಕಟ್ಟಡವನ್ನೂ ತಂದುಕೊಡಬೇಕಾದ ಕೂಲಿ.

ತಿನ್ನುವವರ ಕಡೆ ನೋಡಿದರೆ ಬದಲಾವಣೆ ಕಣ್ಣಿಗೆ ಹೊಡೆಯುವಂತಿದೆ. ಹಳ್ಳಿಯ ಮನೆಗಳು ಮೊಟ್ಟೆ, ಮೀನು, ಮಾಂಸಕ್ಕೆ ಮಾಡುವ ಖರ್ಚು ಈಗ ಧಾನ್ಯಕ್ಕೆ ಮಾಡುವಷ್ಟೇ ಆಗಿದೆ. 2022-23ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎರಡೂ ಮನೆಖರ್ಚಿನ ಶೇ. 5ರ ಸುತ್ತ ಇವೆ. ತಲಾ ಮೊಟ್ಟೆ ಲಭ್ಯತೆ 2023-24ರಲ್ಲಿ ವರ್ಷಕ್ಕೆ 103; ರಾಷ್ಟ್ರೀಯ ಪೌಷ್ಟಿಕತೆಯ ಸಂಸ್ಥೆ ಹೇಳುವುದು 180. ಮೊಟ್ಟೆ ಬೇಕೇ ಬೇಡವೇ ಎಂಬ ವಾದ 2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಅದನ್ನು ಕೊಡತೊಡಗಿದಾಗ ಜೋರಾಗಿ ನಡೆಯಿತು. ಹಲವು ಮಠಾಧೀಶರು ವಿರೋಧಿಸಿದರು. ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಎಂಬ ಏರ್ಪಾಟಿನೊಂದಿಗೆ ಯೋಜನೆ ಮುಂದುವರಿದು ರಾಜ್ಯಕ್ಕೆಲ್ಲ ಹಬ್ಬಿತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವೂ ಮೊಟ್ಟೆ ಸಿಗುತ್ತಿದೆ. ಕುದಿಸುವ, ಸುಲಿಯುವ ವೆಚ್ಚವೂ ಸೇರಿ ಒಂದಕ್ಕೆ 6 ರೂಪಾಯಿ ನಿಗದಿಯಾಗಿದೆ; ಪೇಟೆಯ ದರ ಏರಿದಾಗ ಮುಖ್ಯಶಿಕ್ಷಕರು ಕೈಯಿಂದ ಹಾಕುವ ಪ್ರಸಂಗ ಬರುತ್ತದೆ. ನಮ್ಮ ದೃಷ್ಟಿಯಲ್ಲಿ ಈ ಯೋಜನೆಯ ಮುಖ್ಯ ಸಂಗತಿ ಬೇರೆ. ಶಾಲೆ ಶ್ರಾವಣದಲ್ಲೂ ಕೊಳ್ಳುತ್ತದೆ. ನಾಗರ ಅಮಾವಾಸ್ಯೆ ಕಳೆದದ್ದೇ ನಮ್ಮ ಕಡೆ ಮನೆಮನೆಗಳಲ್ಲಿ ಮಾಂಸದ ಪಾತ್ರೆ ಅಟ್ಟ ಸೇರುತ್ತದೆ, ಕೋಳಿಯ ದರ ಕುಸಿಯುತ್ತದೆ. ಅಂಥ ತಿಂಗಳಲ್ಲೂ ಕದಲದ ಬೇಡಿಕೆ ಪ್ರತಿ ಊರಿನ ಶಾಲೆಯಲ್ಲಿರುವಾಗ ಆ ತತ್ತಿ ನೂರಾರು ಕಿಲೋಮೀಟರ್ ದೂರದಿಂದ ಬರಬೇಕಾಗಿಲ್ಲ.

ವ್ಯಾಪಾರದ ಮಾತು ಚಿಕ್ಕದು. ಬೆಳಗಾವಿಯ ಕೋಳಿಗೆ ಚೋರ್ಲಾ ಘಾಟಿನ ಕೆಳಗಿನ ಗೋವಾ ದೊಡ್ಡ ಗಿರಾಕಿ, ಅಥಣಿ, ಚಿಕ್ಕೋಡಿಯ ಕಡೆಯವರಿಗೆ ಮೀರಜ್, ಸಾಂಗಲಿ, ವಿಜಯಪುರಕ್ಕೆ ಸೊಲ್ಲಾಪುರ. ಗಡಿಯ ಪೇಟೆ ಒಳ್ಳೆಯದೇ, ಆದರೆ ರೋಗದ ಸುದ್ದಿ ಬಂದ ದಿನ ಮೊದಲು ಮುಚ್ಚುವುದೂ ಗಡಿಯೇ. ದೇಶದಲ್ಲಿ ಹಕ್ಕಿಜ್ವರ ಮೊದಲು ಕಾಣಿಸಿದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ. 2025ರ ಆರಂಭದಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೂ ಬಂತು. ರೋಗಕ್ಕಿಂತ ವದಂತಿ ಇನ್ನೂ ಬೇಗ ಕೊಲ್ಲುತ್ತದೆ: 2020ರ ಮಾರ್ಚಿನಲ್ಲಿ ಕೋಳಿಯಿಂದ ಕೊರೊನಾ ಹರಡುತ್ತದೆಂಬ ಸುಳ್ಳಿಗೆ ದರ ನೆಲ ಕಚ್ಚಿ, ಗೋಕಾಕ ತಾಲೂಕಿನಲ್ಲಿ ಸಾವಿರಾರು ಕೋಳಿಗಳನ್ನು ಗುಂಡಿಗೆ ಹಾಕಿದ್ದನ್ನು ನಾಡೆಲ್ಲ ನೋಡಿತು. ವಿದೇಶಿ ರಫ್ತಿನ ಕನಸನ್ನು ಸದ್ಯ, ಈಗಾಗಲೇ ಮೊಟ್ಟೆ ರಫ್ತು ಮಾಡುತ್ತಿರುವ ನಮಕ್ಕಲ್‌ಗೆ ಬಿಡೋಣ.

ಹಾಗಾದರೆ ಶೆಡ್ ಹಾಕಿಸಬೇಕೇ? ಸಾಲ ಮಾಡಿ 6,000 ಕೋಳಿಯ ಶೆಡ್ಡನ್ನು ಈಗಲೇ ಬೇಡ ಎನ್ನುತ್ತೇವೆ. ಹಾಕಿಸಲೇಬೇಕೆಂದರೆ ಒಪ್ಪಂದದ ಕಾಗದವನ್ನು ಓದಬಲ್ಲವರಿಂದ ಓದಿಸಿ. ವರ್ಷಕ್ಕೆ ಎಷ್ಟು ಬ್ಯಾಚು ಮರಿ ಕೊಡುವುದು ಖಚಿತ, ಎರಡು ಬ್ಯಾಚುಗಳ ನಡುವೆ ಶೆಡ್ ಖಾಲಿ ಉಳಿದರೆ ಯಾರ ಹೊಣೆ, ಸಾವು ಹೆಚ್ಚಾದರೆ ಕಡಿತ ಎಷ್ಟು, ತೂಕ ಯಾರ ತಕ್ಕಡಿಯಲ್ಲಿ ಎಂಬುದು ಅದರಲ್ಲಿರಬೇಕು. ಬ್ಯಾಂಕಿನ ಕಂತು ಪ್ರತಿ ತಿಂಗಳೂ ಬರುತ್ತದೆ, ಮರಿ ಬರುವುದಿಲ್ಲ. ಐದು ಸಾವಿರ ಮೀರಿದ ಫಾರಂಗಳಿಗೆ ಮಾಲಿನ್ಯ ನಿಯಂತ್ರಣದ ನಿಯಮಗಳೂ ಊರಿನಿಂದ ಇಂತಿಷ್ಟು ದೂರವೆಂಬ ಷರತ್ತೂ ಅನ್ವಯಿಸುತ್ತವೆ. ನಮ್ಮ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬ್ರಾಯ್ಲರ್ ಕೋಳಿ ತಿನ್ನುವುದನ್ನೇ ಬಿಟ್ಟು ಬಾಯ್ದೆರೆದು ಏದುಸಿರು ಬಿಡುತ್ತದೆ. ಶೆಡ್ಡಿನ ಉದ್ದ ಪೂರ್ವ ಪಶ್ಚಿಮಕ್ಕಿರಲಿ. ಮಾಡಿನ ಮೇಲೆ ಕಬ್ಬಿನ ರವದಿ ಹೊದಿಸಿ ನೀರು ಚಿಮುಕಿಸುವವರು ಬಚಾವಾಗಿರುವುದನ್ನು ನಾವು ಕಂಡಿದ್ದೇವೆ.

ನಿಮ್ಮ ಜಾಗದಲ್ಲಿ ನಾವಿದ್ದರೆ ಕೋಳಿಗಿಂತ ಮೊದಲು ಆಹಾರದಿಂದ ಆರಂಭಿಸುತ್ತಿದ್ದೆವು. ಊರಿನ ಹತ್ತಿಪ್ಪತ್ತು ಬೆಳೆಗಾರರು ಕೂಡಿ, ಇಲ್ಲವೇ ಈಗಾಗಲೇ ಇರುವ ರೈತ ಉತ್ಪಾದಕ ಕಂಪನಿಯ ಮೂಲಕ, ಕಾಳು ಒಣಗಿಸುವ ಕಣ, ತೇವಾಂಶದ ಮೀಟರು, ಒಂದು ಗಿರಣಿ, ಒಂದು ಮಿಕ್ಸರು ಹೊಂದಿಸಿಕೊಂಡರೆ ಸಾಕಣೆಯ ವೆಚ್ಚದ ಮೂರನೇ ಎರಡು ಪಾಲು ನಿಮ್ಮ ಹಿಡಿತಕ್ಕೆ ಬರುತ್ತದೆ. ಖನಿಜ, ಅಮೈನೋ ಆಮ್ಲಗಳ ಪ್ರಮಾಣವನ್ನು ಮಾತ್ರ ಅಂದಾಜಿನ ಮೇಲೆ ಹಾಕದೆ ಪಶು ಆಹಾರ ತಜ್ಞರಿಂದ ಬರೆಸಿಕೊಳ್ಳಿ. ಅದರ ಮೇಲೆ 500 ಮೊಟ್ಟೆ ಕೋಳಿ ನಿಂತರೂ ಸುತ್ತಲಿನ ಶಾಲೆಗಳಿಗೆ ದಿನಕ್ಕೆ 400 ತತ್ತಿ ಕೊಡಬಹುದು. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಗ್ರಾಮೀಣ ತಳಿಗಳ ಮಾತೃಕೋಳಿ ಫಾರಂ ಮತ್ತು ಹ್ಯಾಚರಿಗೆ ಶೇ. 50ರಂತೆ 25 ಲಕ್ಷದವರೆಗೆ ಸಹಾಯಧನವಿದೆ. ಬ್ರಾಯ್ಲರ್ ಶೆಡ್ಡಿಗೆ ಆ ಯೋಜನೆ ಹಣ ಕೊಡುವುದಿಲ್ಲ. ಇನ್ನು ಗೊಬ್ಬರ: ತಿಕೋಟಾ, ತೆಲಸಂಗದ ದ್ರಾಕ್ಷಿಯವರೂ ನಿಮ್ಮ ಕಡೆಯ ದಾಳಿಂಬೆಯವರೂ ಅದನ್ನು ಬಂದು ಒಯ್ಯುತ್ತಾರೆ.

ತಾಯಿಯವರ ಹನ್ನೆರಡು ಕೋಳಿಗಳನ್ನು ನೀವು ‘ಕಾಲಕ್ಷೇಪ’ ಎಂದು ಬರೆದಿದ್ದೀರಿ. 2012ರಿಂದ 2019ರ ನಡುವೆ ದೇಶದ ಫಾರಂ ಕೋಳಿಗಳು ಹೆಚ್ಚಿದ್ದು ಶೇ. 4.5, ಹಿತ್ತಲ ಕೋಳಿಗಳು ಹೆಚ್ಚಿದ್ದು ಶೇ. 46ರ ಹತ್ತಿರ. ಜವಾರಿ ಹೇಟೆ ವರ್ಷಕ್ಕೆ 60ರಿಂದ 80 ಇಟ್ಟರೆ, ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಗಳು ಅದರ ಎರಡು ಪಟ್ಟಿಗೂ ಮೇಲೆ ಇಡುತ್ತವೆ, ಆದರೆ ಕಾವು ಕೂರುವುದರಲ್ಲಿ ಜವಾರಿಯನ್ನು ಮೀರಿಸಿದವಿಲ್ಲ. ಪೇಟೆಯಲ್ಲಿ ಜವಾರಿ ತತ್ತಿಗೆ ಎರಡು ಪಟ್ಟು ಬೆಲೆ ಸಿಗುವುದು ನಿಜ. ಚಿಪ್ಪಿನ ಬಣ್ಣದಿಂದ ಪೌಷ್ಟಿಕತೆ ಬದಲಾಗುವುದಿಲ್ಲ. ಹಳದಿಯ ಗಾಢ ಬಣ್ಣ ಹಸಿರು ಸೊಪ್ಪಿನದು ಮತ್ತು ನಿಮ್ಮ ಗೋವಿನಜೋಳದ್ದು. ಕಳೆದ ಬೇಸಿಗೆಯಲ್ಲಿ ಒಮ್ಮೆಲೇ ಏಳು ಕೋಳಿ ಕುತ್ತಿಗೆ ತಿರುಚಿ ಸತ್ತವೆಂದು ಬರೆದಿದ್ದೀರಲ್ಲ, ಲಕ್ಷಣ ನೋಡಿದರೆ ಅದು ಕೊಕ್ಕರೆ ರೋಗ (ರಾಣಿಖೇತ್) ಇರಬೇಕು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು ಹಾಕಿಸಿದರೆ ಅದನ್ನು ತಡೆಯಬಹುದು. ಲಸಿಕೆಯ ಒಂದು ಶೀಶೆ ಸಾಮಾನ್ಯವಾಗಿ ನೂರು ಕೋಳಿಗಾಗುತ್ತದೆ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಆದ್ದರಿಂದ ಪಶು ಆಸ್ಪತ್ರೆಗೆ ಹೋಗುವ ಮುನ್ನ ಓಣಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಳಿಗಳಿವೆ ಎಂದು ತಾಯಿಯವರಿಂದ ಎಣಿಸಿಟ್ಟುಕೊಳ್ಳಿ, ಮತ್ತು ಶೀಶೆಯನ್ನು ಬರ್ಫದಲ್ಲಿಟ್ಟು ತನ್ನಿ.