ಹೀಲಿಯಂ ಹುಟ್ಟಿದ್ದು ಗುಂಟೂರಿನಲ್ಲೇ?

ಓದುಗರ ಪತ್ರ: ಪ್ರತಿ ವರ್ಷ ಆಗಸ್ಟ್ 18 ಬಂತೆಂದರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಸಂದೇಶ ಸುತ್ತುತ್ತದೆ: ‘1868ರ ಇದೇ ದಿನ ಗ್ರಹಣದ ಹೊತ್ತಿನಲ್ಲಿ ಗುಂಟೂರಿನಲ್ಲಿ ಹೀಲಿಯಂ ಪತ್ತೆಯಾಯಿತು.’ ಇದು ಎಷ್ಟರಮಟ್ಟಿಗೆ ನಿಜ? ಆ ಗ್ರಹಣ ನಮ್ಮ ಜಮಖಂಡಿಯ ಮೇಲೂ ಹಾದುಹೋಗಿತ್ತೆಂದು ಹಿರಿಯರೊಬ್ಬರು ಹೇಳುತ್ತಿದ್ದರು, ಹೌದೇ? ಅಂಥದ್ದು ಮತ್ತೆ ಯಾವಾಗ?
– ನಿವೃತ್ತ ಶಿಕ್ಷಕರು, ಜಮಖಂಡಿ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯ ಮಾಸ್ತರರೇ,

ನಿಮ್ಮ ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಆ ಹಿರಿಯರು ಹೇಳಿದ್ದು ನಿಜ. ಗ್ರಹಣದ ನೆರಳು ನಿಮ್ಮೂರ ಮೇಲೆ ಸುಮ್ಮನೆ ಹಾದುಹೋಗಲಿಲ್ಲ. ಅದನ್ನು ಕಾಯುತ್ತ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ಬೀಡುಬಿಟ್ಟಿದ್ದ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ, ವೃತ್ತಿಯಲ್ಲಿ ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಅಧಿಕಾರಿ. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಉಪಕರಣ ಕಳಿಸಿಕೊಟ್ಟಿತ್ತು. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಅತ್ತ ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಮತ್ತು ಕ್ಯಾಪ್ಟನ್ ಟ್ಯಾನರ್ ದೂರದರ್ಶಕ ಹೂಡಿಕೊಂಡು ಕೂತಿದ್ದರು.

ನಮ್ಮ ಪಂಚಾಂಗದ ಲೆಕ್ಕದಲ್ಲಿ ಅದು ವಿಭವ ಸಂವತ್ಸರದ ಶ್ರಾವಣ ಅಮಾವಾಸ್ಯೆ, ಅಂದರೆ ಬೆನಕನ ಅಮಾವಾಸ್ಯೆ, ಮಂಗಳವಾರ. ಸೂರ್ಯ ಮಘಾ ನಕ್ಷತ್ರದಲ್ಲಿದ್ದ. ಮಘಾ ಮಳೆಯ ದಿನಗಳಲ್ಲಿ ಆಕಾಶ ನೋಡಲು ಹೊರಟವರ ಪಾಡು ನಿಮಗೆ ನಾನು ಹೇಳಬೇಕಿಲ್ಲ. ಮುಂಗಾರು ಕಡಿಮೆ ಕಾಡುತ್ತದೆಂಬ ಲೆಕ್ಕದಲ್ಲೇ ದೊಡ್ಡ ತಂಡಗಳು ಪೂರ್ವಕ್ಕೆ, ಗುಂಟೂರು–ಮಚಲೀಪಟ್ಟಣದ ಕಡೆಗೆ ಹೋಗಿದ್ದವು.

ಈ ಒಂದು ಗ್ರಹಣಕ್ಕೆ ಅಷ್ಟೊಂದು ಧಾವಂತ ಏಕೆ? ಖಗ್ರಾಸದ ಹೊತ್ತಿನಲ್ಲಿ ಸೂರ್ಯನ ಅಂಚಿನಿಂದ ಕೆಂಪು ಚಾಚಿಕೆಗಳು ಮೇಲೇಳುವುದು ಹಿಂದಿನಿಂದಲೂ ಕಾಣುತ್ತಿತ್ತು. ಅವು ಚಂದ್ರನವೋ ಸೂರ್ಯನವೋ ಎಂಬ ಜಗಳ 1860ರ ಸ್ಪೇನಿನ ಗ್ರಹಣದ ಛಾಯಾಚಿತ್ರಗಳಿಂದ ತೀರಿತು, ಸೂರ್ಯನವೇ ಎಂದಾಯಿತು. ಆದರೆ ಅವು ಏನು? ಮೋಡವೋ, ಬೆಂಕಿಯೋ, ಅನಿಲವೋ? ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರಲ್ಲಿನ ಗೆರೆಗಳಿಂದ ಧಾತುಗಳನ್ನು ಗುರುತಿಸುವ ವಿದ್ಯೆ 1859ರಲ್ಲಿ ಕಿರ್ಕಾಫ್ ಮತ್ತು ಬುನ್ಸನ್ ಕೈಯಲ್ಲಿ ಗಟ್ಟಿಯಾಯಿತು. ಆ ರೋಹಿತದರ್ಶಕ ಕೈಗೆ ಬಂದ ಮೇಲೆ ಸಿಕ್ಕ ಮೊದಲ ದೀರ್ಘ ಗ್ರಹಣ 1868ರದು. ಸಯಾಂ (ಇಂದಿನ ಥಾಯ್ಲೆಂಡ್) ಕೊಲ್ಲಿಯ ಮೇಲೆ ಕತ್ತಲೆ ಆರು ಮುಕ್ಕಾಲು ನಿಮಿಷ ನಿಂತಿತ್ತು. ಚಂದ್ರ ಭೂಮಿಗೆ ಹತ್ತಿರವಿದ್ದು ದೊಡ್ಡದಾಗಿ ಕಾಣುತ್ತಿದ್ದ. ಜುಲೈ ಮೊದಲ ವಾರದಲ್ಲಿ ಅತಿ ದೂರಕ್ಕೆ ಹೋಗುವ ಸೂರ್ಯ ಇನ್ನೂ ದೂರದಲ್ಲೇ ಇದ್ದು ಚಿಕ್ಕದಾಗಿದ್ದ. ನೆರಳು ಭೂಮಧ್ಯರೇಖೆಗೆ ಸಮೀಪದಲ್ಲಿ ಸಾಗಿತು. ಅಲ್ಲಿ ಭೂಮಿಯ ತಿರುಗುವಿಕೆ ನೋಡುಗನನ್ನು ನೆರಳಿನ ಜೊತೆಜೊತೆಗೇ ಒಯ್ಯುತ್ತದೆ. ಈ ಮೂರೂ ಒಂದೇ ದಿನ ಕೂಡಿಬರುವುದು ಅಪರೂಪ.

ಜಮಖಂಡಿಯಲ್ಲಿ ಮೋಡ ಹರ್ಷೆಲ್‌ನನ್ನು ಸಾಕಷ್ಟು ಗೋಳಾಡಿಸಿತು. ಕೊನೆಗೆ ಸಂದು ಸಿಕ್ಕಾಗ ಕಣ್ಣಿಟ್ಟವನಿಗೆ ಕಂಡದ್ದು ಮೂರು ಪ್ರಖರ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಬೇರೇನೂ ಇಲ್ಲ. ಬಿಡಿ ಗೆರೆಗಳು ಎಂದರೆ ಕಾದ ಅನಿಲ. ಒಂದು ನೋಟದಲ್ಲಿ ಪ್ರಶ್ನೆ ಮುಗಿಯಿತು. ಆ ಉದ್ವೇಗದಲ್ಲಿ ಅವನು ಬರೆದುಕೊಳ್ಳುವವನಿಗೆ ‘ಕೆಂಪು! ಹಸಿರು! ಹಳದಿ!’ ಎಂದು ಕೂಗಿಬಿಟ್ಟನಂತೆ, ಮನಸ್ಸಿನಲ್ಲಿದ್ದದ್ದು ಕಿತ್ತಳೆ ಮತ್ತು ನೀಲಿ. ಇದನ್ನು ಅವನೇ ವರದಿಯಲ್ಲಿ ಬರೆದುಕೊಂಡಿದ್ದಾನೆ. ಸರ್ಕಾರಿ ವರದಿಗಳಲ್ಲಿ ಇಂಥ ಸಾಲು ಸಿಕ್ಕರೆ ನನಗೆ ಬಲು ಖುಷಿ.

ಈಗ ನಿಮ್ಮ ಮೊದಲ ಪ್ರಶ್ನೆ. ಗುಂಟೂರಿನಲ್ಲಿ ಮೇಜರ್ ಟೆನಂಟ್‌ನ ತಂಡ ಛಾಯಾಚಿತ್ರ ತೆಗೆಯುತ್ತಿತ್ತು. ಅದೇ ಊರಿನಲ್ಲಿ ಫ್ರೆಂಚ್ ವರ್ತಕನೊಬ್ಬನ ಮನೆಯ ಮಹಡಿಯಲ್ಲಿ ಫ್ರಾನ್ಸಿನ ಖಗೋಳಜ್ಞ ಪಿಯರ್ ಜಾನ್ಸೆನ್ ಇದ್ದ. ಅವನಿಗೂ ಆ ಗೆರೆಗಳೇ ಕಂಡವು. ಆದರೆ ಅವನ ತಲೆ ಇನ್ನೊಂದು ದಿಕ್ಕಿಗೆ ಓಡಿತು: ಗೆರೆಗಳು ಇಷ್ಟು ಪ್ರಖರವಾಗಿದ್ದರೆ ಇವನ್ನು ನೋಡಲು ಗ್ರಹಣವೇ ಏಕೆ ಬೇಕು? ಅಂದು ಮತ್ತೆ ಮೋಡ ಮುಚ್ಚಿತು. ಮರುದಿನ, ಆಗಸ್ಟ್ 19ರ ಬೆಳಿಗ್ಗೆ, ಹಾಡಹಗಲಲ್ಲಿ ಸೂರ್ಯನ ಅಂಚಿಗೆ ಉಪಕರಣದ ಸೀಳು ಹಿಡಿದ. ಕೆಂಪು ಚಾಚಿಕೆಗಳ ಗೆರೆಗಳು ಎದುರಿಗೇ ನಿಂತಿದ್ದವು! ಅದುವರೆಗೆ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಹಡಗು ಹತ್ತಿ ಹೋಗಿ, ಕೆಲವು ನಿಮಿಷ ಕದ್ದು ನೋಡಬೇಕಾಗಿದ್ದನ್ನು ಅವನು ಎರಡು ವಾರಕ್ಕೂ ಹೆಚ್ಚು ಕಾಲ ನಿರಾಳವಾಗಿ ನೋಡಿದ. ಗುಂಟೂರಿಗೆ ಹೆಮ್ಮೆಪಡಲು ಇದಕ್ಕಿಂತ ಏನು ಬೇಕು? ನನ್ನನ್ನು ಕೇಳಿದರೆ, ಆ ಊರಿನ ಮಟ್ಟಿಗೆ 18ಕ್ಕಿಂತ 19 ದೊಡ್ಡ ದಿನ.

ಹೀಲಿಯಂ ಮಾತು ಇಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಸೋಡಿಯಂ ಅನಿಲ ಹಳದಿಯಲ್ಲಿ ಎರಡು ಗೆರೆ ಕೊಡುತ್ತದೆ, 589.0 ಮತ್ತು 589.6 ನ್ಯಾನೋಮೀಟರ್‌ಗಳಲ್ಲಿ. ಇವಕ್ಕೆ ‘ಡಿ’ ಗೆರೆಗಳೆಂದು ಹೆಸರು. ಸೂರ್ಯನ ಚಾಚಿಕೆಯಲ್ಲಿ ಕಂಡ ಗೆರೆ ಇರುವುದು 587.6ರ ಹತ್ತಿರ. ಅಲ್ಲಾಡುವ ಕಣ್ಣು, ಓಡುವ ಗಡಿಯಾರ, ಮೋಡದ ಭಯ – ಇವುಗಳ ನಡುವೆ ಅಷ್ಟು ಸಣ್ಣ ಅಂತರ ಯಾರಿಗೆ ತಿಳಿದೀತು? ಹರ್ಷೆಲ್ ಅದನ್ನು ‘ಡಿ’ ಎಂದೇ ಬಗೆದ, ಟೆನಂಟ್ ಕೂಡ. ಮಚಲೀಪಟ್ಟಣದಲ್ಲಿದ್ದ ಮದ್ರಾಸ್ ವೀಕ್ಷಣಾಲಯದ ಪಾಗ್ಸನ್ ಮಾತ್ರ ‘ಡಿ ಅಥವಾ ಅದರ ಸಮೀಪ’ ಎಂದು ಎಚ್ಚರದಿಂದ ಬರೆದ. ಅದು ಸೋಡಿಯಂ ಅಲ್ಲವೆಂದು ಬಿಡಿಸಿ ನೋಡಿದವನು ಇಂಗ್ಲಿಷ್ ಖಗೋಳಜ್ಞ ನಾರ್ಮನ್ ಲಾಕ್ಯರ್. ಅವನು ಈ ಗ್ರಹಣಕ್ಕೆ ಬರಲೇ ಇಲ್ಲ. ಇಂಗ್ಲೆಂಡಿನಲ್ಲೇ ಕೂತು, ಜಾನ್ಸೆನ್‌ನ ಸುದ್ದಿ ತಿಳಿಯದೆಯೇ, ಅಕ್ಟೋಬರ್ 20ರಂದು ಅದೇ ಉಪಾಯದಿಂದ ಚಾಚಿಕೆ ನೋಡಿದ. ಇಬ್ಬರ ಪತ್ರಗಳೂ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಒಂದೇ ದಿನ ಓದಲ್ಪಟ್ಟವು. ಫ್ರೆಂಚ್ ಸರ್ಕಾರ ಇಬ್ಬರ ಮುಖವನ್ನೂ ಒಂದೇ ಪದಕದಲ್ಲಿ ಅಚ್ಚು ಹಾಕಿಸಿತು. ಆ ಹಳದಿ ಗೆರೆಗೆ ‘ಡಿ3’ ಎಂದು ಹೆಸರಾಯಿತು. ಭೂಮಿಯಲ್ಲಿ ಕಾಣದ ಧಾತುವೊಂದು ಅದರ ಹಿಂದಿದೆ ಎಂಬ ಮಾತಿಗೆ ಬಹಳ ಮಂದಿ ತಲೆದೂಗಲಿಲ್ಲ. 1895ರ ಮಾರ್ಚ್‌ನಲ್ಲಿ ವಿಲಿಯಂ ರಾಮ್ಸೆ ಕ್ಲೀವೈಟ್ ಎಂಬ ಯುರೇನಿಯಂ ಖನಿಜದಿಂದ ಹೊರಟ ಅನಿಲದಲ್ಲಿ ಅದೇ ಗೆರೆಯನ್ನು ಕಂಡಾಗ ವಾದ ಮುಗಿಯಿತು. ಆ ಧಾತುವೇ ಹೀಲಿಯಂ.

ಹಾಗಾಗಿ ಆ ಸಂದೇಶ ಪೂರ್ತಿ ಸುಳ್ಳಲ್ಲ, ಆದರೆ ಇಪ್ಪತ್ತಾರು ವರ್ಷಗಳಿಗೂ ಮಿಕ್ಕ ದುಡಿಮೆಯನ್ನು ಒಂದು ಬೆಳಗಿಗೆ ತುರುಕುತ್ತದೆ. ಗೆರೆ ಕಣ್ಣಿಗೆ ಬಿದ್ದದ್ದು ಆಗಸ್ಟ್ 18ರಂದು. ನಿಮ್ಮ ಜಮಖಂಡಿಯಲ್ಲೂ ಬಿತ್ತು. ಗುಂಟೂರಿನ ಹೆಸರಷ್ಟೇ ಹೇಳಿ ಜಮಖಂಡಿಯನ್ನು ಬಿಡುವುದಕ್ಕೆ ಕಾರಣ ನನಗಂತೂ ತೋರದು. ಲಾಕ್ಯರ್‌ಗೂ ನಮಗೂ ನಂಟಿದೆ: 1871ರ ಡಿಸೆಂಬರ್ 12ರ ಗ್ರಹಣಕ್ಕೆ ಅವನು ಬಂದು ನಿಂತದ್ದು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಬೇಕಲ ಕೋಟೆಯಲ್ಲಿ.

ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಇನ್ನೊಂದು ಹೆಸರು ಚಿಂತಾಮಣಿ ರಘುನಾಥಾಚಾರ್ಯರದು. ಮದ್ರಾಸ್ ವೀಕ್ಷಣಾಲಯದಲ್ಲಿ ಪಾಗ್ಸನ್‌ನ ಸಹಾಯಕರಾಗಿದ್ದ ಅವರು ಈ ಗ್ರಹಣಕ್ಕಾಗಿ ನಿಜಾಮರ ಸೀಮೆಯ ವನಪರ್ತಿಗೆ ಹೋಗಿದ್ದರು. ಅದರ ಹಿಂದಿನ ವರ್ಷವಷ್ಟೇ ಅವರು ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಗುರುತಿಸಿದ್ದರು. ದೇಶೀಯರಿಗೆ ಹೊಸ ಖಗೋಳಶಾಸ್ತ್ರವನ್ನು ದೇಶೀಯರೇ ಹೇಳಬೇಕೆಂದು ಹಟ ಹಿಡಿದು ದುಡಿದವರು.

ಈ ದಿನಾಂಕವನ್ನು ನಿಜವಾಗಿ ಹಬ್ಬ ಮಾಡಿಕೊಂಡದ್ದು ಥಾಯ್ಲೆಂಡ್. ಅಲ್ಲಿನ ರಾಜ ಮೊಂಗ್‌ಕುಟ್ ಗ್ರಹಣವನ್ನು ತಾನೇ ಗಣಿಸಿ, ವಿದೇಶಿ ಅತಿಥಿಗಳನ್ನು ಕರೆದುಕೊಂಡು ಜೌಗು ನೆಲದ ಕರಾವಳಿಗೆ ಹೋಗಿ ನೋಡಿದ. ಲೆಕ್ಕ ಸರಿಯಾಯಿತು, ಆದರೆ ಮಲೇರಿಯಾ ತಗುಲಿ ಅಕ್ಟೋಬರ್ 1ರಂದು ತೀರಿಕೊಂಡ. ಇಂದು ಆಗಸ್ಟ್ 18 ಅವರ ರಾಷ್ಟ್ರೀಯ ವಿಜ್ಞಾನ ದಿನ.

ಕೊನೆಯ ಪ್ರಶ್ನೆ: ಮತ್ತೆ ಯಾವಾಗ? ಗ್ರಹಣಗಳು 18 ವರ್ಷ 11 ದಿನ 8 ಗಂಟೆಗೊಮ್ಮೆ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮರಳುತ್ತವೆ. ಆ ಎಂಟು ಗಂಟೆಯಿಂದಾಗಿ ಪ್ರತಿ ಸಲ ನೆರಳು ಭೂಗೋಳದ ಮೂರನೇ ಒಂದು ಭಾಗದಷ್ಟು ಪಶ್ಚಿಮಕ್ಕೆ ಸರಿಯುತ್ತದೆ. 1868ರ ಗ್ರಹಣದ ಈ ಸರಣಿಯದ್ದೇ 1922ರ ಸೆಪ್ಟೆಂಬರ್ 21ರ ಗ್ರಹಣ. ಆಸ್ಟ್ರೇಲಿಯಾದಲ್ಲಿ ಅದನ್ನು ಹಿಡಿದು ಐನ್‌ಸ್ಟೈನ್‌ನ ಸಿದ್ಧಾಂತವನ್ನು ಪರೀಕ್ಷಿಸಿದರು. ಮುಂದಿನದು 2030ರ ನವೆಂಬರ್ 25ಕ್ಕೆ, ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ. ಕರ್ನಾಟಕದ ಮೇಲೆ ಖಗ್ರಾಸ ನೆರಳು ಹಾದದ್ದು 1980ರ ಫೆಬ್ರುವರಿ 16ರಂದು, ಕಾರವಾರದಿಂದ ರಾಯಚೂರಿನವರೆಗೆ. ಭಾರತಕ್ಕೆ ಮುಂದಿನ ಖಗ್ರಾಸ 2034ರ ಮಾರ್ಚ್ 20ರಂದು, ಅದೂ ಲಡಾಖಿನ ಕಡೆ. ಅಷ್ಟು ದೂರ ಹೋಗಲಾಗದಿದ್ದರೆ 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಕಂಕಣ ಗ್ರಹಣವಿದೆ. ಜಮಖಂಡಿಯಲ್ಲಿ ಪಾರ್ಶ್ವವಾಗಿ ಕಾಣುತ್ತದೆ, ಮಳೆಗಾಲಕ್ಕೆ ಇನ್ನೂ ಹೊತ್ತಿರುತ್ತದೆ. ಶಾಲೆಯ ಮಕ್ಕಳನ್ನು ಸೇರಿಸಿಕೊಂಡು ನೋಡುವುದಾದರೆ ಗ್ರಹಣದ ಕನ್ನಡಕಗಳನ್ನು ಮೊದಲೇ ತರಿಸಿಟ್ಟುಕೊಳ್ಳಿ.

– ಸಂಪಾದಕ