ದೂರದ ನಕ್ಷತ್ರಗಳ ಗ್ರಹ ಸಿಗುತ್ತದೆ, ನಮ್ಮ ಸೂರ್ಯನ ಒಂಬತ್ತನೇ ಗ್ರಹ ಯಾಕೆ ಸಿಗುತ್ತಿಲ್ಲ?

ನೀವು ಕೇಳಿದ್ದು ನನ್ನ ತಲೆಯನ್ನೂ ಬಹಳ ದಿನ ಕೊರೆದ ಪ್ರಶ್ನೆ. ಸಾವಿರಾರು ಜ್ಯೋತಿರ್ವರ್ಷ ಆಚೆಗಿನ ಗ್ರಹ ಗೊತ್ತಾಗುತ್ತದೆ, ನೆಪ್ಚೂನ್‌ನ ಆಚೆ ಇರಬಹುದು ಅನ್ನುವ ಗ್ರಹ ಮಾತ್ರ ಕಾಣುವುದಿಲ್ಲ. ವಿಚಿತ್ರ ಅಲ್ವಾ?

ಆದರೆ ಆ ದೂರದ ಗ್ರಹಗಳಲ್ಲಿ ಹೆಚ್ಚಿನವನ್ನು ಯಾರೂ ಕಂಡಿಲ್ಲ. ಕಾಣುವುದು ನಕ್ಷತ್ರ. ಗ್ರಹ ಅದರ ಮುಂದೆ ಹಾದುಹೋದಾಗ ಬೆಳಕು ಚೂರು ಕಡಿಮೆಯಾಗುತ್ತದೆ, ಅಷ್ಟರಿಂದಲೇ ಲೆಕ್ಕ ಹಾಕುತ್ತಾರೆ. ನಮ್ಮ ಅಂಚಿನ ಗ್ರಹ ಯಾವತ್ತೂ ಸೂರ್ಯನಿಗೂ ನಮಗೂ ನಡುವೆ ಬರುವುದಿಲ್ಲ. ಅದನ್ನು ನೇರವಾಗಿಯೇ ನೋಡಬೇಕು.

ಅದಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನಿಂದ ಭೂಮಿಗೆ ಇರುವ ದೂರ 1 ಅಂದುಕೊಳ್ಳಿ. ಆಗ ನೆಪ್ಚೂನ್ 30ರಲ್ಲಿದೆ. ಹುಡುಕುತ್ತಿರುವ ಗ್ರಹ 500ರಲ್ಲಿದ್ದರೆ ಬಿಸಿಲು ಅಲ್ಲಿಗೆ ಮುಟ್ಟಲು ಹತ್ತಿರ ಹತ್ತಿರ 3 ದಿನ ಬೇಕು. ಮುಟ್ಟಿದ ಬಿಸಿಲೂ ನಮ್ಮಲ್ಲಿಯದಕ್ಕಿಂತ ಎರಡೂವರೆ ಲಕ್ಷ ಪಟ್ಟು ಕಡಿಮೆ. ಅದರಲ್ಲಿ ಒಂದಿಷ್ಟು ವಾಪಸು ಹೊರಟು, ಬರುವ ದಾರಿಯಲ್ಲಿ ಮತ್ತೆ ಅಷ್ಟೇ ಸೊರಗುತ್ತದೆ. ದೂರ ಎರಡರಷ್ಟಾದರೆ ಗ್ರಹ 16 ಪಟ್ಟು ಮಂಕಾಗುವುದು ಇದರಿಂದಲೇ.

ಇನ್ನು, ಕಂಡರೂ ಅದು ನಕ್ಷತ್ರದಂತೆ ಒಂದು ಚುಕ್ಕೆ. ಗುರುತು ಸಿಗುವುದು ಅದು ಜರುಗಿದಾಗ ಮಾತ್ರ. ನಾನೊಮ್ಮೆ ನನ್ನ ದೂರದರ್ಶಕದಿಂದ ಪ್ಲೂಟೊ ಇರುವ ಜಾಗದ ಫೋಟೊವನ್ನು ಮೂರು ರಾತ್ರಿ ಬಿಟ್ಟು ಎರಡು ಸಲ ತೆಗೆದೆ. ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಕೂರಿಸಿ, ಬದಲಾಯಿಸುತ್ತ ಕೂತೆ. ನೂರಾರು ಚುಕ್ಕೆ ಅಲ್ಲಲ್ಲೇ ಇದ್ದವು. ಎಡಗಡೆ ಒಂದು ಸಣ್ಣ ಚುಕ್ಕೆ ಮಾತ್ರ ಅತ್ತಿಂದಿತ್ತ ಜಿಗಿಯಿತು. ಮೈ ಜುಮ್ಮೆಂದಿತು. 1930ರಲ್ಲಿ ಕ್ಲೈಡ್ ಟಾಂಬೊ ಗಾಜಿನ ಫೋಟೊ ಪ್ಲೇಟುಗಳಲ್ಲಿ ಪ್ಲೂಟೊವನ್ನು ಹಿಡಿದದ್ದೂ ಹೀಗೆಯೇ. ನನಗಾದರೋ ಎಲ್ಲಿ ನೋಡಬೇಕೆಂದು ಗೊತ್ತಿತ್ತು. 500ರ ದೂರದ ಗ್ರಹಕ್ಕೆ ಒಂದು ಸುತ್ತಿಗೆ ಸುಮಾರು 11,000 ವರ್ಷ. ನಮ್ಮ ಭೂಮಿಯೇ ಓಡುತ್ತಿರುವುದರಿಂದ ಆರು ತಿಂಗಳಲ್ಲಿ ಅದು ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟು ಸರಿದಂತೆ ಕಾಣಬಹುದು. ಅದೂ ಆಕಾಶಗಂಗೆಯ ಕಿಕ್ಕಿರಿದ ಚುಕ್ಕೆಗಳ ನಡುವೆ ಇದ್ದರೆ ಹುಡುಕುವವರ ಪಾಡು ಯೋಚಿಸಿ.

ಹಾಗಿದ್ದರೆ ಇದೆ ಅನ್ನುವುದಾದರೂ ಯಾಕೆ? 2003ರಲ್ಲಿ ಸೆಡ್ನಾ ಎಂಬ ಕಾಯ ಸಿಕ್ಕಿತು. ಅದು ಸೂರ್ಯನಿಗೆ ತೀರಾ ಹತ್ತಿರ ಬಂದಾಗಲೂ 76ರ ದೂರದಲ್ಲಿರುತ್ತದೆ. ನೆಪ್ಚೂನ್‌ನ ಸೆಳೆತ ಅಲ್ಲಿಗೆ ನಾಟುವುದಿಲ್ಲ. ಮತ್ತೆ ಅದನ್ನು ಅಷ್ಟು ಆಚೆ ಎಳೆದವರು ಯಾರು? ಇಂಥ ಕೆಲವು ಕಾಯಗಳ ಕಕ್ಷೆ ಒಂದೇ ಕಡೆಗೆ ವಾಲಿದೆ, ಅದಕ್ಕೆ ದೊಡ್ಡ ಗ್ರಹವೊಂದು ಕಾರಣ ಎಂದು 2016ರಲ್ಲಿ ಖಗೋಳ ವಿಜ್ಞಾನಿಗಳಾದ ಬಾಟಿಗಿನ್ ಮತ್ತು ಬ್ರೌನ್ ಹೇಳಿದರು. ನನಗೆ ಇಲ್ಲಿ ಅರ್ಧ ನಂಬಿಕೆ. ದೂರದರ್ಶಕ ಎತ್ತ ಜಾಸ್ತಿ ನೋಡಿದೆಯೋ ಅತ್ತಲೇ ಜಾಸ್ತಿ ಸಿಗುತ್ತದೆ, ವಾಲಿಕೆ ಅದರಿಂದಲೇ ಕಂಡಿರಬಹುದು ಎನ್ನುವವರ ಮಾತನ್ನು ಸುಮ್ನೆ ತಳ್ಳಿಹಾಕಲಾಗುವುದಿಲ್ಲ.

ಹಳೆಯ ಪಾಠವೂ ಇದೆ. ಯುರೇನಸ್ ಲೆಕ್ಕದಂತೆ ಚಲಿಸುತ್ತಿರಲಿಲ್ಲ, ಆಚೆಯ ಗ್ರಹವೊಂದು ಎಳೆಯುತ್ತಿರಬೇಕು ಎಂದು ಫ್ರಾನ್ಸಿನ ಲೆವೆರಿಯೆ ಅದರ ಜಾಗ ಲೆಕ್ಕ ಹಾಕಿದರು. 1846ರಲ್ಲಿ ಆ ಲೆಕ್ಕ ಹಿಡಿದು ಬರ್ಲಿನ್ ವೀಕ್ಷಣಾಲಯದಲ್ಲಿ ಗಾಲೆ ನೋಡಿದಾಗ ನೆಪ್ಚೂನ್ ಹೇಳಿದ ಜಾಗದ ಪಕ್ಕದಲ್ಲೇ ಇತ್ತು. ಆಮೇಲೆ ಯುರೇನಸ್‌ನ ಚಲನೆಯಲ್ಲಿ ಇನ್ನೂ ಸ್ವಲ್ಪ ತಪ್ಪು ಉಳಿದಿದೆ ಎಂದು ಮತ್ತೊಂದು ಗ್ರಹ ಹುಡುಕಿದರು. ಪ್ಲೂಟೊ ಸಿಕ್ಕಿತು, ಆದರೆ ಆ ತಪ್ಪಿಗೆ ಕಾರಣವಾಗುವಷ್ಟು ತೂಕ ಅದಕ್ಕಿಲ್ಲ. 1989ರಲ್ಲಿ ವಾಯೇಜರ್ 2 ನೌಕೆ ನೆಪ್ಚೂನ್ ಹತ್ತಿರ ಹೋದ ಮೇಲೆ ಆ ಗ್ರಹದ ತೂಕ ಸರಿಯಾಗಿ ತಿಳಿಯಿತು. ಹೊಸ ತೂಕ ಇಟ್ಟು ಲೆಕ್ಕ ಹಾಕಿದರೆ ಆ ತಪ್ಪೇ ಮಾಯ!

ಈಗ ನನ್ನ ಕಣ್ಣು ಚಿಲಿ ದೇಶದ ವೆರಾ ರೂಬಿನ್ ವೀಕ್ಷಣಾಲಯದ ಮೇಲಿದೆ. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳು ಬಂದವು. ಹತ್ತು ವರ್ಷ ಅದೇ ಆಕಾಶವನ್ನು ಕೆಲವು ರಾತ್ರಿಗೊಮ್ಮೆ ಮತ್ತೆ ಮತ್ತೆ ತೆಗೆದು, ಜರುಗಿದ ಚುಕ್ಕೆ ಆರಿಸುವುದು ಅದರ ಕೆಲಸಗಳಲ್ಲಿ ಒಂದು. ಗ್ರಹ ಸಿಗದೆಯೂ ಹೋಗಬಹುದು. ಆದರೆ ನೆಪ್ಚೂನ್ ಆಚೆಯ ಸಣ್ಣ ಕಾಯಗಳು ಸಾವಿರಗಟ್ಟಲೆ ಸಿಕ್ಕರೆ ಆ ವಾಲಿಕೆ ನಿಜವೋ ಅಲ್ಲವೋ ಗೊತ್ತಾಗುತ್ತದೆ. ನಾನು ಕಾಯುತ್ತಿರುವುದು ಆ ಉತ್ತರಕ್ಕೆ.